ಬಂದಿದ್ದೆವು ಸ್ವಾಮೀ, ಬೇರೆ ಕಡೆ

“ಅಂಕಲ್‌ಜೀ, ಯೇ ತೋ ಹಿಂಡನ್ ಕಾ ಟಿಕೆಟ್ ಹೈ.”

ಪಾಲಂ ವಿಮಾನ ನಿಲ್ದಾಣದ ಬಾಗಿಲಲ್ಲಿ ಕಾವಲಿದ್ದ ಜವಾನ ನನ್ನ ಮಗಳ ಮೊಬೈಲ್ ನೋಡಿ, ನನ್ನ ಮುಖ ನೋಡಿ, ಮತ್ತೆ ಮೊಬೈಲ್ ನೋಡಿ ಹೀಗೆಂದ. ನಿಮ್ಮ ವಿಮಾನ ಏಳುವುದು ಇಲ್ಲಿಂದಲ್ಲ, ಹಿಂಡನ್‌ನಿಂದ ಎಂದು ತಾತ್ಪರ್ಯ.

“ಅದೆಲ್ಲಿದೆ?” ಎಂದೆ, ನನ್ನ ಸರ್ಕಾರಿ ಹಿಂದಿಯಲ್ಲಿ.

“ಘಾಜಿಯಾಬಾದ್.”

ನಾವು ಬಂದದ್ದೇ ಘಾಜಿಯಾಬಾದಿನಿಂದ. ಕ್ಯಾಬಿನಲ್ಲಿ ಯಮುನೆ ದಾಟಿ, ಇಡೀ ದಿಲ್ಲಿಯನ್ನು ಅಡ್ಡಡ್ಡ ಸೀಳಿಕೊಂಡು.

(ಇಲ್ಲಿ ನೀವು ನಗಬಹುದು. ಬೇರೆಯವರ ವಿಷಯವಾಗಿದ್ದರೆ ನಾನೂ ನಗುತ್ತಿದ್ದೆ.)

ಹೆಂಡತಿಗೆ ಫೋನ್ ಮಾಡಿದೆ. ಮಂಡಿ ಆಪರೇಷನ್ ಆಗಿ ಮನೆಯಲ್ಲಿದ್ದಳು. “ಅಲ್ಲಾ ರೀ, ನಮ್ಮ ಬಾಲ್ಕನಿ ಮೇಲೆ ದಿನಾ ಹಾರೋ ವಿಮಾನಗಳೆಲ್ಲ ಎಲ್ಲಿಂದ ಏಳ್ತವೆ ಅಂದ್ಕೊಂಡಿದ್ರಿ?”

“ಏರ್‌ಫೋರ್ಸಿನವು ಅಂದ್ಕೊಂಡಿದ್ದೆ.”

ಅವಳು ಫೋನ್ ಇಟ್ಟಳು. ಆ ದಿನ ಜಗಳ ಆಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಬೆಳಿಗ್ಗೆ ತುಮಕೂರಿನಿಂದ ತಮ್ಮ ಸುರೇಶ ಫೋನ್ ಮಾಡಿದ್ದ. “ಅಣ್ಣಾ, ಹೊರಟುಬಿಡು. ಅಕ್ಕ ಬಹಳ ಹೊತ್ತು ಇರೋ ಹಾಗೆ ಕಾಣಲ್ಲ.” ಮಗಳು ಅಲ್ಲೇ ನಿಂತು ಆ್ಯಪ್ ತೆರೆದಳು. ದಿಲ್ಲಿಯಿಂದ ಬೆಂಗಳೂರು ಎಂದು ಒತ್ತಿದಳು. ಮೊದಲು ಸಿಕ್ಕ ವಿಮಾನಕ್ಕೆ ಎರಡು ಸೀಟು. ಆ್ಯಪ್‌ನ ಕಣ್ಣಿಗೆ ಪಾಲಂ, ಹಿಂಡನ್ ಎರಡೂ ದಿಲ್ಲಿಯೇ. ನಮ್ಮ ಕಾಲದ ದಿಲ್ಲಿ ಕನ್ನಡಿಗರಿಗೆ ಏರ್‌ಪೋರ್ಟ್ ಎಂದರೆ ಪಾಲಂ. ಎರಡನೆಯದೊಂದು ಮನೆಯ ಬೆನ್ನಿಗೇ ಬಂದು ಕೂತಿದೆ ಎಂದು ಯಾರಿಗೆ ಗೊತ್ತು?

ಟಿಕೆಟ್ಟನ್ನು ನಾನು ಪರಿಶೀಲಿಸಲಿಲ್ಲ ಎಂದುಕೊಳ್ಳಬೇಡಿ. ಕೇಂದ್ರ ಸರ್ಕಾರದ ಕಡತಗಳಲ್ಲಿ ಅಲ್ಪವಿರಾಮ ಹುಡುಕುತ್ತಲೇ ನಿವೃತ್ತನಾದವನು ನಾನು. ಕನ್ನಡಕ ಹಾಕಿಕೊಂಡು, ಕೂಲಂಕಷವಾಗಿ ನೋಡಿದೆ. ಇಬ್ಬರ ಹೆಸರಿನ ಸ್ಪೆಲ್ಲಿಂಗೂ ಸರಿಯಾಗಿತ್ತು. ಅನುಮೋದಿಸಿದೆ.

ಈ ದೇಶದಲ್ಲಿ ಯಾವುದೂ ಹೊತ್ತಿಗೆ ಸರಿಯಾಗಿ ಹೊರಡುವುದಿಲ್ಲ ಎಂದು ಈ ಅಂಕಣದಲ್ಲಿ ನಾನು ಎಷ್ಟು ಸಲ ಗೊಣಗಿದ್ದೇನೆ! ಕ್ಯಾಬ್ ತಿರುಗಿಸಿಕೊಂಡು ಹೊರಟ ನಾವು ಅರ್ಧ ದಾರಿಯಲ್ಲಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೆವು. ವಿಮಾನ ಹೊತ್ತಿಗೆ ಸರಿಯಾಗಿ ಹೊರಟಿತು.

ಮತ್ತೆ ಪಾಲಂಗೇ ಹೋಗಿ ಸಂಜೆಯ ವಿಮಾನ ಹತ್ತಿದೆವು. ನಾವು ತುಮಕೂರು ಮುಟ್ಟುವಷ್ಟರಲ್ಲಿ ಅಕ್ಕನನ್ನು ಹಜಾರದಲ್ಲಿ ಮಲಗಿಸಿದ್ದರು. ತಲೆಯ ಬಳಿ ದೀಪ ಉರಿಯುತ್ತಿತ್ತು. ಸುರೇಶ ಹೇಳಿದ: “ಮಧ್ಯಾಹ್ನದವರೆಗೂ ಜ್ಞಾನ ಇತ್ತಣ್ಣಾ. ‘ಗುಬ್ಬಿ ಬಂತಾ, ಗುಬ್ಬಿ ಬಂತಾ’ ಅಂತ ಎರಡು ಸಲ ಕೇಳಿದಳು.”

ಮೊದಲ ವಿಮಾನ ಹತ್ತಿದ್ದರೆ ಸಿಗುತ್ತಿದ್ದಳೇ ಎಂದು ನೀವು ಲೆಕ್ಕ ಹಾಕಬೇಡಿ. ಮಗಳು ಹಾಕಿದ್ದಾಳೆ.

ಗುಬ್ಬಿ ಎಂದರೆ ಅವಳೇ. ಅವಳು ಹುಟ್ಟಿ ಕೆಲವೇ ತಿಂಗಳಿಗೆ ನನ್ನ ಹೆಂಡತಿಯ ಹೆರಿಗೆ ರಜೆ ಮುಗಿಯಿತು. ಎರಡು ತಿಂಗಳ ಮಟ್ಟಿಗೆಂದು ಬಂದ ಅಕ್ಕ, ಮಗು ಶಾಲೆಗೆ ಹೋಗುವವರೆಗೂ ಇದ್ದುಬಿಟ್ಟಳು. ಮದುವೆಯಾದವಳಲ್ಲ, ಹಿಂದಿ ಬರುತ್ತಿರಲಿಲ್ಲ. ತರಕಾರಿ ಭಯ್ಯಾನ ಹತ್ತಿರ ಕನ್ನಡದಲ್ಲೇ ಚೌಕಾಶಿ ಮಾಡಿ ಗೆದ್ದು ಬರುತ್ತಿದ್ದಳು. ದಿಲ್ಲಿಯಲ್ಲಿ ಬೆಳೆದ ನನ್ನ ಮಗಳ ಬಾಯಲ್ಲಿ ಇವತ್ತು ಇರುವ ಅಷ್ಟಿಷ್ಟು ಕನ್ನಡ ಅವಳದು.

ಕಾರ್ಯವೆಲ್ಲ ಮುಗಿಸಿ ಮನೆಗೆ ಮರಳಿದ ಮೇಲೆ ಶುರುವಾಯಿತು ನೋಡಿ, ರಿಫಂಡ್ ಯಜ್ಞ.

ಮಗಳು ಮೊದಲು ಇ-ಮೇಲ್ ಕಳಿಸಿದಳು. ಉತ್ತರ ಬಂತು: ಪ್ರಯಾಣಿಕರು ‘ನೋ-ಶೋ’, ಅಂದರೆ ಬರಲೇ ಇಲ್ಲ, ಆದ್ದರಿಂದ ಹಣ ವಾಪಸ್ಸಿಲ್ಲ. ಮತ್ತೆ ಬರೆದಳು. ಮತ್ತೆ ಅದೇ. ಊಟದ ತಟ್ಟೆಯ ಪಕ್ಕದಲ್ಲಿ ಫೋನು, ಫೋನಿನಲ್ಲಿ ಕಸ್ಟಮರ್ ಕೇರಿನ ವೀಣಾವಾದನ.

“ಹೋಗಲಿ ಬಿಡು ಪುಟ್ಟಾ,” ಎಂದೆ. “ಆ ದುಡ್ಡಿನಿಂದ ನಮಗೇನು ಮನೆ ಕಟ್ಟೋದಿತ್ತಾ?”

“ಪೈಸೇ ಕೀ ಬಾತ್ ನಹೀ ಹೈ ಅಪ್ಪಾ!” ಅವಳ ಧ್ವನಿ ಏರಿತು. “ನಾವು ಬರಲಿಲ್ಲ ಅಂತ ಬರೀತಾರೆ. ನಾವು ಹೋಗಿದ್ವಿ ಅಲ್ವಾ? ನಾವು ಹೋಗಿದ್ವಿ!”

ಆಗ ನನಗೆ ಅರ್ಥವಾಯಿತು. ಅವಳ ಜಗಳ ವಿಮಾನದವರ ಜೊತೆ ಅಲ್ಲ.

ಕೊನೆಗೆ ಸ್ಪೀಕರ್ ಹಾಕಿದ್ದ ಫೋನಿನಲ್ಲಿ ಒಬ್ಬ ವಿನಯವಂತ ಸಿಕ್ಕಿದ. ಮರಣದ ಪ್ರಸಂಗದಲ್ಲಿ ನೋ-ಶೋ ತೆಗೆದುಹಾಕಿ, ಕ್ಯಾನ್ಸಲ್ ಎಂದು ಬರೆದು, ಹಣ ಕೊಡಲು ಅವಕಾಶ ಇದೆಯಂತೆ. ತೀರಿಕೊಂಡವರು ‘ಇಮ್ಮೀಡಿಯೆಟ್ ಫ್ಯಾಮಿಲಿ’ ಆಗಿರಬೇಕಷ್ಟೆ.

“ಮೊದಲನೇ ಪ್ರಯಾಣಿಕರಿಗೆ ಏನಾಗಬೇಕು?”

“ಸ್ವಂತ ಅಕ್ಕ,” ಎಂದೆ.

“ಬಹನ್. ಚಲೇಗಾ ಸರ್. ಎರಡನೆಯವರಿಗೆ?”

“ಬುವಾ,” ಎಂದಳು ಮಗಳು. ಅಂದರೆ ಸೋದರತ್ತೆ.

ಕೀಬೋರ್ಡಿನ ಟಕಟಕ ಸದ್ದು. “ಸಾರಿ ಮ್ಯಾಮ್. ಬುವಾ ಲಿಸ್ಟ್ ಮೇ ನಹೀ ಹೈ. ಅದು ಎಕ್ಸ್‌ಟೆಂಡೆಡ್ ಫ್ಯಾಮಿಲಿ.”

“ಪಾಲಾ ಹೈ ಉನ್ಹೋನೇ ಮುಝೇ!” ನನ್ನನ್ನು ಸಾಕಿದವರು ಅವರು ಎಂದು ಮಗಳು ಹೇಳುತ್ತಿದ್ದಳು, ಊರಿನ ಗುರುತೂ ಇಲ್ಲದ ಯಾವನೋ ಹುಡುಗನಿಗೆ.

“ಸಮಝ್ ಸಕ್ತಾ ಹೂಂ ಮ್ಯಾಮ್,” ಎಂದ. ನಿಜವಾಗಿಯೂ ಅರ್ಥವಾಗಿತ್ತೇನೋ. ಪಾಪ, ಅವನಿಗೂ ಮನೆಯಲ್ಲಿ ಒಬ್ಬಳು ಬುವಾ ಇರಬಹುದು. “ಆದರೆ ಸಿಸ್ಟಮ್ ತೆಗೆದುಕೊಳ್ಳಲ್ಲ.”

ಫೋನನ್ನು ನಾನು ಇಸಿದುಕೊಂಡೆ. ಇಲಾಖೆಗೆ ಟಿಪ್ಪಣಿ ಬರೆಯುವ ಗಾಂಭೀರ್ಯದಲ್ಲಿ ಶುರು ಮಾಡಿದೆ. “ನೋಡಿ ಸ್ವಾಮೀ, ನಮ್ಮ ಕಡೆ ನಾಮಕರಣದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಅಧಿಕಾರ ಸೋದರತ್ತೆಗೆ...”

ಅಲ್ಲಿಗೇ ನಿಂತೆ. ನಾನು ಕನ್ನಡಕ ಹಾಕಿಕೊಂಡು ಅಕ್ಷರಕ್ಷರ ಪರಿಶೀಲಿಸಿದ್ದೆನಲ್ಲ, ಟಿಕೆಟ್ಟಿನ ಮೇಲಿನ ಮಗಳ ಹೆಸರು? ಅದನ್ನು ಈ ಲೋಕದಲ್ಲಿ ಮೊದಲು ಉಚ್ಚರಿಸಿದವಳೇ ಅಕ್ಕ. ಕೆಂಪು ಸೀರೆ ಉಟ್ಟು, ತೊಟ್ಟಿಲ ಮೇಲೆ ಬಾಗಿ, ಯಾರಿಗೂ ಕೇಳಿಸದ ಹಾಗೆ.

“ಹಲೋ? ಸರ್?” ಎನ್ನುತ್ತಿದ್ದ ಹುಡುಗ. ಫೋನ್ ಇಟ್ಟುಬಿಟ್ಟೆ.

ಕಳೆದ ವಾರ ಮಗಳ ಮೊಬೈಲ್ ಟಿಂಗ್ ಎಂದಿತು. ಓದಿದಳು. “ಅಪ್ಪಾ, ನಿನ್ನ ರಿಫಂಡ್ ಬಂತು.”

“ನಿನ್ನದು?”

“ನಾನು ನೋ-ಶೋ.”

ದಾಖಲೆ ಈಗ ಸ್ಪಷ್ಟವಾಗಿದೆ. ಅಕ್ಕನ ಬಳಿಗೆ ಹೋಗುವುದನ್ನು ಈ ತಮ್ಮ ರದ್ದು ಮಾಡಿಕೊಂಡ. ಅವಳು ಸಾಕಿದ ಮಗು ಬರಲೇ ಇಲ್ಲ. ಇಷ್ಟು ಅಚ್ಚುಕಟ್ಟಾದ ಸುಳ್ಳನ್ನು ನನ್ನ ಇಡೀ ಸರ್ವಿಸಿನಲ್ಲಿ ಯಾವ ಕಡತದಲ್ಲೂ ನಾನು ಓದಿಲ್ಲ.

ನಿನ್ನೆ ಮಗಳು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ತಲೆಯ ಮೇಲೆ ವಿಮಾನದ ಸದ್ದಾಯಿತು. ಬೆಂಗಳೂರಿನದು. ಈಗ ನಮ್ಮ ಮನೆಯಲ್ಲಿ ಅದರ ಗುರುತು ಎಲ್ಲರಿಗೂ ಇದೆ. ಅವಳು ಮೇಲೆ ನೋಡಲಿಲ್ಲ. ಕ್ಲಿಪ್ ಸಿಕ್ಕಿಸುತ್ತಲೇ ಹೇಳಿದಳು: “ಆನ್ ಟೈಮ್.”

ಎಲ್ಲವೂ ತಡವಾಗುವ ಈ ದೇಶದಲ್ಲಿ, ಅವತ್ತೊಂದು ದಿನ ಅದು ತಡವಾಗಬಾರದಿತ್ತೇ?