ಕಿಟಕಿಯ ಕಟ್ಟೆಯ ನೀಲಿ

ಮೇಷ್ಟ್ರು ನೀಲಕ್ಕನನ್ನು ಮೊದಲು ಕಂಡದ್ದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಊಟದ ಕೋಣೆಯಲ್ಲಿ. ಕೆಲಸ ಮುಗಿದ ಮೇಲೆ ಅಲ್ಲಿ ಅವರು ಕೆಲಸಗಾರರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ನೀಲಕ್ಕ ಎಂಬುದು ಹೆತ್ತವರಿಟ್ಟ ಹೆಸರಲ್ಲ. ವರ್ಷಗಟ್ಟಲೆ ಕಿಟಕಿಯ ಬಳಿ ಕುಳಿತು ನೀಲಿ ಬಟ್ಟೆಯ ಥಾನುಗಳನ್ನು ಪರೀಕ್ಷಿಸಿದ್ದಕ್ಕೆ ಅಂಟಿಕೊಂಡದ್ದು. ಆಕೆ ಎರಡು ಚೀಟಿಗಳನ್ನು ಮೇಜಿನ ಮೇಲಿಟ್ಟಳು. ಒಂದರಲ್ಲಿ ವೆರೈಟಿ, ಇನ್ನೊಂದರಲ್ಲಿ ವೇರಿಯೇಷನ್ ಎಂದು ಅಚ್ಚಾಗಿತ್ತು. ಥಾನುಗಳಿಗೆ ಇವನ್ನೇ ಅಂಟಿಸಬೇಕೆಂದು ಹೊಸ ಮ್ಯಾನೇಜರು ಹೇಳಿದ್ದರು.

"ಎರಡೂ ಬೇರೆ ಬೇರೆ ಅನ್ನೋದೇ ಅಲ್ವಾ ಮೇಷ್ಟ್ರೆ?"

ಮೇಷ್ಟ್ರು ಆಕೆಗೆ ಅಕ್ಕತಂಗಿಯರು ಇದ್ದಾರೆಯೇ ಎಂದು ಕೇಳಿದರು. ಇದ್ದರು, ಇಬ್ಬರು.

"ನೀವು ಮೂವರೂ ಮೂರು ಥರ. ಅದು ವೆರೈಟಿ. ನೀವೊಬ್ಬರೇ ನಿನ್ನೆ ಒಂದು ಥರ, ಇವತ್ತು ಒಂದು ಥರ ಇದ್ರೆ, ಅದು ವೇರಿಯೇಷನ್."

ನೀಲಕ್ಕ ಚೀಟಿಯನ್ನೇ ನೋಡುತ್ತಿದ್ದಳು. "ಹಾಗಾದ್ರೆ ನನ್ನಲ್ಲಿ ಅದಿಲ್ಲ. ನನಗೆ ಎಲ್ಲಾ ದಿನಾನೂ ಒಂದೇ." ಪಕ್ಕದ ಮನೆಯವರ ಸುದ್ದಿ ಹೇಳುವ ಹಾಗೆ ಹೇಳಿದಳು.

ಗಂಡ ತೀರಿಕೊಂಡು ಆಗ ವರ್ಷವಾಗಿರಲಿಲ್ಲ. ಅವನು ಅದೇ ಕಾರ್ಖಾನೆಯ ಬಣ್ಣದ ತೊಟ್ಟಿ ನೋಡಿಕೊಳ್ಳುತ್ತಿದ್ದ. ಅವನು ಅದ್ದಿದ ಬಟ್ಟೆಯನ್ನು ಇವಳು ಪರೀಕ್ಷಿಸುವುದು. ಮನೆಯಲ್ಲಿ ಉಪ್ಪು ಹೆಚ್ಚಾಯಿತೆಂದು ಅವನು ಗೊಣಗಿದರೆ ಮರುದಿನ ಅವನ ಥಾನು ವಾಪಸು ಬರುತ್ತದೆಂದು ಜೊತೆಯವರು ನಗೆಯಾಡುತ್ತಿದ್ದರು. ಅವನು ಹೋದಾಗ ನೀಲಕ್ಕನ ಕಣ್ಣಲ್ಲಿ ಹನಿ ನೀರು ಬರಲಿಲ್ಲ. ಕಲ್ಲೆದೆಯವಳು ಎಂದರು. ಆ ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ಪ್ರತಿಯೊಂದು ಬಣ್ಣಕ್ಕೂ ಒಂದು ಮಾದರಿ ತುಂಡು ಇರುತ್ತದೆ. ಥಾನಿನ ಪಕ್ಕ ಹಿಡಿದು ಹೋಲಿಸಿ, ಬೆಳಕು ತಾಗದಂತೆ ಕೂಡಲೇ ತಗಡಿನ ಡಬ್ಬಿಯೊಳಗೆ ಹಾಕಿಬಿಡಬೇಕು. ನೀಲಿಯ ಮಾದರಿ ಅವಳ ಗಂಡ ಅದ್ದಿದ್ದು. ಅವನು ಹೋದ ಮೇಲೆ ಅವಳು ಅದನ್ನು ಡಬ್ಬಿಗೆ ಹಾಕಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ, ಕೈಗೆ ಸಿಗುವಂತೆ ಇಟ್ಟುಕೊಂಡಳು. ಏಕೆಂದು ಯಾರೂ ಕೇಳಲಿಲ್ಲ. ಅವಳೂ ಕೇಳಿಕೊಳ್ಳಲಿಲ್ಲ.

ಗಂಡನ ಜಾಗಕ್ಕೆ ಬಂದವನು ಕುಳ್ಳಗಿನ ಮಾತುಗಾರ, ಮಕ್ಕಳಿರುವ ಸಂಸಾರಿ. ಅವನ ಥಾನುಗಳು ಬಂದಾಗಲೆಲ್ಲ ಮಾದರಿಗಿಂತ ಕೂದಲೆಳೆಯಷ್ಟು ಗಾಢ. ನೀಲಕ್ಕ ವೇರಿಯೇಷನ್ ಚೀಟಿ ಅಂಟಿಸಿ ಹಿಂದಕ್ಕೆ ಕಳಿಸುವಳು. ಇನ್ನೊಂದು ಥಾನು ಮರಳಿದರೆ ಅವನನ್ನು ಮನೆಗೆ ಕಳಿಸುವುದೇ ಸರಿ ಎಂದು ಮ್ಯಾನೇಜರು ಎಲ್ಲರೆದುರೇ ಹೇಳಿಬಿಟ್ಟರು.

ಮುಂದಿನ ಥಾನನ್ನು ಅವನೇ ಹೊತ್ತು ತಂದ. ಆ ದಿನ ಮಾತು ಕಡಿಮೆ.

"ಅಕ್ಕಾ, ಭಾವನ ಅಳತೇನೇ ಹಾಕ್ತಿದೀನಿ. ನೀರೂ ಅದೇ, ಪುಡೀನೂ ಅದೇ. ನಾನು ಅವರಲ್ಲ ಅನ್ನೋದೇ ತಪ್ಪಾದ್ರೆ, ಅದಕ್ಕೆ ನನ್ನ ಹತ್ರ ಮದ್ದಿಲ್ಲ."

ನೀಲಕ್ಕ ಚೀಟಿ ಕೈಗೆತ್ತಿಕೊಂಡಿದ್ದಳು. ಒಂದೇ ವಸ್ತು ನಿನ್ನೆಗೂ ಇವತ್ತಿಗೂ ಬೇರೆಯಾದರೆ, ಎಂದು ಮೇಷ್ಟ್ರು ಹೇಳಿದ್ದು ನೆನಪಿಗೆ ಬಂತು. ಎದುರಿಗಿದ್ದವು ಎರಡು ನೀಲಿ. ಅವುಗಳಲ್ಲಿ ಬೇರೆಯಾದದ್ದು ಯಾವುದು? ಚೀಟಿ ಕೆಳಗಿಟ್ಟು, ಮಾದರಿ ತುಂಡಿನ ಮಡಚಿ ಹೊಲಿದ ಅಂಚನ್ನು ಕತ್ತರಿಯ ತುದಿಯಿಂದ ಬಿಚ್ಚಿದಳು. ಬೆಳಕು ಕಾಣದ ಒಳಗಿನ ನೀಲಿಯನ್ನು ಥಾನಿನ ಮೇಲಿಟ್ಟಳು. ಎಲ್ಲಿ ಅದು ಮುಗಿಯಿತು, ಎಲ್ಲಿ ಇದು ಮೊದಲಾಯಿತು ತಿಳಿಯಲಿಲ್ಲ.

"ನಿಂದು ಸರಿಯಾಗಿದೆ ಕಣಪ್ಪ. ಬದಲಾಗಿರೋದು ಇದು. ಬಿಸಿಲಿಗೆ ಬಿಟ್ಟವಳು ನಾನು."

ಮ್ಯಾನೇಜರಿಗೂ ಅಷ್ಟೇ ಹೇಳಿದಳು. ಅವರು ಗದರಿದರು, ಅವಳು ನಿಂತು ಕೇಳಿದಳು. ಕುಳ್ಳನ ಕೆಲಸ ಉಳಿಯಿತು. ಹೊಸ ಮಾದರಿಯನ್ನು ಅವನ ಕೈಯಿಂದಲೇ ಅದ್ದಿಸಿದರು.

ಈಗಲೂ ನೀಲಕ್ಕ ಅದೇ ಕಿಟಕಿಯ ಬಳಿ ಕೂರುತ್ತಾಳೆ. ಹೋಲಿಸುತ್ತಾಳೆ, ತುಂಡನ್ನು ಡಬ್ಬಿಯೊಳಗಿಟ್ಟು ಮುಚ್ಚಳ ಒತ್ತುತ್ತಾಳೆ. ಹಳೆಯ ತುಂಡು ಅವಳ ಅಡುಗೆಮನೆಯ ಕಿಟಕಿಯಲ್ಲಿದೆ, ದಿನದಿನಕ್ಕೂ ಬಿಳಿಚಿಕೊಳ್ಳುತ್ತಿದೆ. ಆಕೆ ಅದನ್ನು ತೆಗೆದಿಲ್ಲ. ಮೊನ್ನೆ ಕುಳ್ಳನ ಥಾನೊಂದು ನಿಜವಾಗಿಯೇ ಕೆಟ್ಟಿತ್ತು, ವಾಪಸು ಕಳಿಸಿದಳು.

"ಏನಕ್ಕಾ, ಮನೇಲಿ ಉಪ್ಪು ಹೆಚ್ಚಾಗಿತ್ತಾ?" ಎಂದ ಅವನು.

ನೀಲಕ್ಕ ಡಬ್ಬಿಯ ಮುಚ್ಚಳ ಒತ್ತಿದಳು. ಮುಂದಿನ ಥಾನನ್ನು ಎಳೆದುಕೊಂಡಳು.