ಮೊದಲು ‘ನೀರು ಕೆಟ್ಟಿದೆ’ ಎನ್ನಿ: ಸುಗುಣಾ ಸತ್ಯಮಿತ್ರ ಅವರ ಬೈಬಲ್ ತರಗತಿ

2018ರ ಜೂನ್ 17, ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ನಂಜನಗೂಡಿನ ಕ್ರೈಸ್ತ ಸಭೆಯಲ್ಲಿ ಆರಾಧನೆ ಮುಗಿದಿತ್ತು. ಸಭಾಪಾಲಕರಾದ ಅಯ್ಯನವರು ಆಶೀರ್ವಾದ ಹೇಳಿ ಇಳಿದಿದ್ದರು, ಜನ ಬಾಗಿಲ ಬಳಿ ಚಪ್ಪಲಿ ಹುಡುಕಿಕೊಳ್ಳುತ್ತಿದ್ದರು. ಶ್ರೀಮತಿ ಸುಗುಣಾ ಸತ್ಯಮಿತ್ರ ಅವರು ಯಾರೊಡನೆಯೂ ಮಾತಿಗೆ ನಿಲ್ಲದೆ ಪಕ್ಕದ ಸಭೆಯ ಶಾಲೆಗೆ ನಡೆದು, ಟ್ಯಾಂಕಿನ ವಾಲ್ವ್ ತಿರುಗಿಸಿ ಮುಚ್ಚಿ, ಕೈಚೀಲದಿಂದ ಸ್ಪ್ಯಾನರ್ ತೆಗೆದು, ಮಕ್ಕಳು ನೀರು ಕುಡಿಯುವ ಆರೂ ನಲ್ಲಿಗಳನ್ನು ಬಿಚ್ಚಿ ಅದೇ ಚೀಲಕ್ಕೆ ಹಾಕಿಕೊಂಡರು. ಚೀಲದಲ್ಲಿ ಬೈಬಲ್ಲೂ ಇತ್ತು. ಆಗ ಅವರಿಗೆ ಐವತ್ತಮೂರು ವರ್ಷ. ಆ ಸಭೆಯಲ್ಲೇ ದೀಕ್ಷಾಸ್ನಾನ ಹೊಂದಿ, ಅಲ್ಲೇ ಮದುವೆಯಾಗಿ, ಅಲ್ಲೇ ಇಪ್ಪತ್ತೊಂದು ವರ್ಷಗಳಿಂದ ಬೈಬಲ್ ತರಗತಿ ನಡೆಸಿಕೊಂಡು ಬಂದವರು ಅವರು.

ಟಿ. ನರಸೀಪುರದ ಪದವಿಪೂರ್ವ ಕಾಲೇಜಿನಲ್ಲಿ ಮೂವತ್ತಮೂರು ವರ್ಷ ರಸಾಯನಶಾಸ್ತ್ರ ಬೋಧಿಸಿ ಕಳೆದ ಮೇ 31ರಂದು ನಿವೃತ್ತರಾದ ಸುಗುಣಾ ಅವರನ್ನು ಉತ್ತಮ ಅಧ್ಯಾಪಕಿ ಎಂದಷ್ಟೇ ಹೇಳಿ ಈ ಅಭಿನಂದನಾ ಸಂಪುಟವನ್ನು ಮುಚ್ಚಬಹುದಿತ್ತು. ಅದು ಸುಲಭದ ಮಾತು, ಸಾಲದ ಮಾತು. ಈ ಎರಡು ತಾಲ್ಲೂಕುಗಳಲ್ಲಿ ಬೈಬಲ್ ಕಂಠಪಾಠವಿರುವವರು ಬೇಕಾದಷ್ಟು ಮಂದಿ ಇದ್ದಾರೆ, ಕಣ್ಣೀರು ಬರುವಂತೆ ಪ್ರಸಂಗಿಸುವವರೂ ಇದ್ದಾರೆ. ಭಾನುವಾರ ಓದಿದ ವಚನ ಶನಿವಾರದೊಳಗೆ ಯಾವುದಾದರೂ ಅಡುಗೆಮನೆಯಲ್ಲೋ ಗದ್ದೆಯಲ್ಲೋ ಕಚೇರಿಯಲ್ಲೋ ಕಣ್ಣಿಗೆ ಕಾಣಬೇಕು ಎಂದು ಪಟ್ಟು ಹಿಡಿದು, ಆ ಪಟ್ಟಿಗಾಗಿ ತಮ್ಮ ಸಭೆಯನ್ನೇ ಎದುರು ಹಾಕಿಕೊಂಡವರು ಇವರೊಬ್ಬರೇ.

ಅವರ ತರಗತಿಗೆ ಒಂದೇ ನಿಯಮವಿತ್ತು. ಹಿಂದಿನ ವಾರದ ಭಾಗವನ್ನು ಏನು ಮಾಡಿದಿರಿ ಎಂದು ಹೇಳದವರು ಈ ವಾರದ ಭಾಗದ ಬಗ್ಗೆ ಬಾಯಿ ತೆರೆಯುವಂತಿಲ್ಲ. ಪ್ರಯೋಗ ಮಾಡದೆ ಫಲಿತಾಂಶ ಬರೆದ ವಿದ್ಯಾರ್ಥಿಯ ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕದ ಕೈ ಇಲ್ಲಿಯೂ ಹಾಗೆಯೇ ನಡೆಯಿತು. ಆರಂಭದ ವಾರಗಳಲ್ಲಿ ತರಗತಿ ಹೆಚ್ಚು ಕಡಿಮೆ ಮೌನವಾಗಿಯೇ ಮುಗಿಯುತ್ತಿತ್ತು.

ಬಸ್ ಡ್ರೈವರ್ ಕುಮಾರ ಅವರ ಪ್ರಸಂಗವನ್ನು ಹಳಬರು ಇಂದಿಗೂ ನೆನೆಯುತ್ತಾರೆ. ಮತ್ತಾಯನ ಐದನೆಯ ಅಧ್ಯಾಯದಲ್ಲಿ, ಸಹೋದರನಿಗೆ ನಿನ್ನ ಮೇಲೆ ಅಸಮಾಧಾನವಿದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು ಎಂಬ ಮಾತಿದೆ. ಭಾವಮೈದುನನೊಡನೆ ನಾಲ್ಕು ವರ್ಷ ಮಾತು ಬಿಟ್ಟಿದ್ದ ಕುಮಾರ ಕಾಣಿಕೆ ತಟ್ಟೆ ಹಿಡಿದು ಸಾಲಿನಲ್ಲಿ ಬರುತ್ತಿದ್ದಾಗ ಸುಗುಣಾ ಅವರು ತಟ್ಟೆಯನ್ನು ಕೈಯಿಂದ ತೆಗೆದುಕೊಂಡು ಬಾಗಿಲ ಕಡೆ ಕಣ್ಣು ಹಾಯಿಸಿದರು. ಕುಮಾರ ಹೋದರು. ಕಾಲು ಗಂಟೆಯಲ್ಲಿ ಬೆವರಿಕೊಂಡು ವಾಪಸ್ಸು ಬಂದರು.

“ಅವ್ನು ಮನೇಲಿಲ್ಲ ಕಣಕ್ಕ. ಉಲ್ಲಳ್ಳಿ ಸಂತೆಗೋಗವ್ನಂತೆ.”

“ಹುಲ್ಲಹಳ್ಳಿಗೆ ಬಸ್ಸಿಲ್ವಾ?”

“ಅಕ್ಕ, ಇವತ್ತು ನಂಗೆ ರಜ. ರಜದ ದಿನಾನೂ ಬಸ್ ಅತ್ಸ್ತೀಯಲ್ಲ ನೀನು!”

ಬಸ್ಸು ಹತ್ತಿದರು. ಸಂಜೆ ಭಾವಮೈದುನನ ಜೊತೆಗೇ ಇಳಿದರು. ಮುಂದಿನ ಭಾನುವಾರ ತರಗತಿಯಲ್ಲಿ ಮಾತಾಡುವ ಹಕ್ಕು ಪಡೆದ ಮೊದಲಿಗರು ಕುಮಾರ.

ಕಾಲೇಜಿನಲ್ಲಿ ಮಾತ್ರ ಅವರು ಒಂದು ವಚನವನ್ನೂ ಉಚ್ಚರಿಸಿದವರಲ್ಲ. ಸರ್ಕಾರದ ಸಂಬಳಕ್ಕೆ ಸರ್ಕಾರದ ಪಾಠ ಎಂಬುದು ಅವರ ಲೆಕ್ಕಾಚಾರ. ಮೂಗೂರಿನ ಬೌದ್ಧ ಕುಟುಂಬದ ದಿವ್ಯ ಎಂಬ ವಿದ್ಯಾರ್ಥಿನಿಗೆ ಮನೆಯಲ್ಲಿ ಕಾಯಿಲೆಯ ತಾಯಿ ಇದ್ದುದರಿಂದ ಸಂಜೆಯ ಪ್ರಾಯೋಗಿಕ ತರಗತಿಗೆ ನಿಲ್ಲಲಾಗುತ್ತಿರಲಿಲ್ಲ. ಅವಳೊಬ್ಬಳಿಗಾಗಿ ಸುಗುಣಾ ಅವರು ಒಂದು ವರ್ಷ ಪೂರ್ತಿ ನಂಜನಗೂಡಿನಿಂದ ಮೊದಲ ಬಸ್ಸಿಗೆ ಬಂದು ಏಳೂವರೆಗೆ ಪ್ರಯೋಗಾಲಯದ ಬೀಗ ತೆಗೆದರು. ದಿವ್ಯ ಇಂದು ನೀರಿನ ಪರೀಕ್ಷೆಯ ಒಂದು ಪ್ರಯೋಗಾಲಯದಲ್ಲಿ ವಿಶ್ಲೇಷಕಿ. ಮೇಡಂ ಕ್ರೈಸ್ತರೆಂಬುದು ತನಗೆ ತಿಳಿದದ್ದು ಕ್ರಿಸ್‌ಮಸ್ಸಿಗೆ ಅವರು ಕೇಕು ಕೊಟ್ಟಾಗಲೇ ಎಂದು ಆಕೆ ನಗುತ್ತಾಳೆ.

ಇನ್ನು ಆ ಜೂನ್ ತಿಂಗಳ ವಿಷಯ. ಇದನ್ನು ಬಿಟ್ಟು ಬರೆದರೆ ಚೆನ್ನ ಎಂದವರಿದ್ದಾರೆ. ಬಿಟ್ಟರೆ ಸುಗುಣಾ ಅವರನ್ನೇ ಬಿಟ್ಟಂತೆ.

ಆ ಬೇಸಿಗೆಯಲ್ಲಿ ತರಗತಿ ಅರಸುಗಳ ಎರಡನೆಯ ಗ್ರಂಥವನ್ನು ಓದುತ್ತಿತ್ತು. ಯೆರಿಕೋವಿನ ಜನ ಪ್ರವಾದಿ ಎಲೀಷನ ಬಳಿಗೆ ಬಂದು, ಪಟ್ಟಣವಿರುವ ಜಾಗ ಚೆನ್ನಾಗಿದೆ, ನೀರು ಮಾತ್ರ ಕೆಟ್ಟಿದೆ ಎನ್ನುತ್ತಾರೆ. ಅವನು ಉಪ್ಪು ಹಾಕುತ್ತಾನೆ, ನೀರು ಸರಿಹೋಗುತ್ತದೆ. ಎಲ್ಲರೂ ಉಪ್ಪಿನ ಅರ್ಥ ಹುಡುಕುತ್ತಿರುವಾಗ ಸುಗುಣಾ ಅವರು ಬೆರಳಿಟ್ಟದ್ದು ಜನರ ಮಾತಿನ ಮೇಲೆ. ಆ ಊರಿನವರು ತಮ್ಮ ಊರಿನ ನೀರು ಕೆಟ್ಟಿದೆಯೆಂದು ತಾವೇ ಬಾಯಿಬಿಟ್ಟು ಹೇಳಿದರು, ಅದ್ಭುತ ಆಮೇಲೆ ನಡೆಯಿತು. ನಾವು ಯಾವುದನ್ನು ಕೆಟ್ಟಿದೆ ಎನ್ನದೆ ಬಿಟ್ಟಿದ್ದೇವೆ, ನೋಡಿ ಬನ್ನಿ ಎಂದು ವಾರದ ಕೆಲಸ ಕೊಟ್ಟರು.

ಮುಂದಿನ ವಾರ ಎದ್ದು ನಿಂತದ್ದು ಸಭೆಯ ಶಾಲೆಯ ಶಿಕ್ಷಕಿ ಶಾಲಿನಿ. “ಅಕ್ಕ, ಸ್ಕೂಲ್ ಶುರುವಾಗಿ ಹತ್ತು ದಿನ ಆಗಿಲ್ಲ. ನನ್ ಕ್ಲಾಸಲ್ಲೇ ಒಂಬತ್ತು ಮಕ್ಳಿಗೆ ಭೇದಿ. ಹೇಳ್ಬೇಕೋ ಬೇಡ್ವೋ ಗೊತ್ತಾಗ್ಲಿಲ್ಲ.”

ಸುಗುಣಾ ಅವರು ಅಂದೇ ನಲ್ಲಿ ನೀರನ್ನು ಪರೀಕ್ಷೆಯ ಪುಟ್ಟ ಬಾಟಲಿಗೆ ಹಿಡಿದರು. ಮಲದ ಸೋಂಕಿದ್ದರೆ ಆ ಬಾಟಲಿಯ ನೀರು ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಇಪ್ಪತ್ತು ಗಂಟೆಯಲ್ಲೇ ಕಪ್ಪಾಯಿತು. ಟೇಪು ಹಿಡಿದು ಅಳೆದರೆ, ಎರಡು ವರ್ಷದ ಹಿಂದೆ ಕಟ್ಟಿಸಿದ ಶೌಚಾಲಯದ ಗುಂಡಿ ಕೊಳವೆಬಾವಿಯಿಂದ ಐದು ಮೀಟರೂ ದೂರವಿರಲಿಲ್ಲ. ಆ ಶಾಲೆಯಲ್ಲಿ ಇನ್ನೂರಹನ್ನೆರಡು ಮಕ್ಕಳಿದ್ದರು.

ಶಾಲೆಯ ಕಾರ್ಯದರ್ಶಿ ಹೇಮಂತ್ ರಾಜರತ್ನಂ ಕೆಟ್ಟ ಮನುಷ್ಯರಲ್ಲ. ಆ ಕೊಳವೆಬಾವಿ ಅವರ ತಂದೆ ಕೊರೆಸಿಕೊಟ್ಟದ್ದು, ಪಂಪಿನ ಮನೆಯ ಗೋಡೆಯ ಅಮೃತಶಿಲೆಯಲ್ಲಿ ತಂದೆಯ ಹೆಸರಿತ್ತು. ಮಾನ್ಯತೆ ನವೀಕರಣಕ್ಕೆ ಅಧಿಕಾರಿಗಳು ಬರುವುದು ಎರಡು ವಾರದಲ್ಲಿತ್ತು. ಜೂನ್ 10ರ ಕಮಿಟಿಯಲ್ಲಿ ಅವರು ಮಾರ್ಕನ ಕೊನೆಯ ಅಧ್ಯಾಯ ತೆರೆದರು. ನಂಬಿದವರು ಮರಣಕರವಾದದ್ದನ್ನು ಕುಡಿದರೂ ಅವರಿಗೆ ಕೇಡಾಗದು ಎಂದಿದೆಯಲ್ಲ, ನಂಬಿಕೆಯಿಂದ ಪ್ರಾರ್ಥಿಸೋಣ, ಹೊರಗಿನವರ ಮುಂದೆ ಸಭೆಯ ಮಾನ ಕಳೆಯುವುದು ಬೇಡ ಎಂದರು.

“ಅದು ಲೋಕಕ್ಕೆಲ್ಲ ಸಾರೋಕೆ ಹೊರಟೋರಿಗೆ ಹೇಳಿದ್ದು ಹೇಮಂತ್, ಎಲ್‌ಕೆಜಿ ಮಕ್ಕಳಿಗೆ ಟ್ಯಾಂಕ್ ತುಂಬ್ಸೋರಿಗಲ್ಲ,” ಎಂದರು ಸುಗುಣಾ. “ನಿಮ್ಮ ದೇವರನ್ನ ಪರೀಕ್ಷಿಸಬೇಡಿ ಅಂತಲೂ ಇದೆ. ನೀರನ್ನ ಪರೀಕ್ಷಿಸಬೇಡಿ ಅಂತ ಎಲ್ಲೂ ಇಲ್ಲ.”

ಕಮಿಟಿಯಲ್ಲಿ ಯಾರೋ ನಕ್ಕರು. ಹೇಮಂತರ ಮುಖ ಕೆಂಪಾಯಿತು. “ಎಲ್ಲರ ಕಣ್ಣಿನ ರವೆ ತೆಗೆಯೋಕೆ ಬರ್ತೀರಲ್ಲ ಮೇಡಂ, ನಿಮ್ಮ ಕಣ್ಣಿನ ತೊಲೆ ನೋಡ್ಕೊಂಡಿದೀರಾ? ನಿಮ್ಮನೆ ಬಾವಿ ನೀರು ಟೆಸ್ಟ್ ಮಾಡ್ಸಿದೀರಾ?”

ಸುಗುಣಾ ಅವರು ಮಾಡಿಸಿರಲಿಲ್ಲ. ಇಪ್ಪತ್ತಾರು ವರ್ಷ ನೀರಿನ ಗಡಸುತನ ಅಳೆಯುವುದನ್ನು ಕಲಿಸಿದ ಕೈ ತನ್ನ ಹಿತ್ತಲ ಬಾವಿಗೆ ಒಮ್ಮೆಯೂ ಬಾಟಲಿ ಇಳಿಸಿರಲಿಲ್ಲ. ತರಗತಿಗೆ ಬಂದವರಿಗೆಲ್ಲ ವರ್ಷಗಟ್ಟಲೆ ಬೆಲ್ಲದ ಜೊತೆ ಕೊಟ್ಟದ್ದು ಆ ಬಾವಿಯ ನೀರನ್ನೇ. ಮನೆಗೆ ನಡೆಯುವಾಗ ಅವರಿಗೆ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಗಿತ್ತು. ಆ ಮಾತು ಚುಚ್ಚಲೆಂದೇ ಆಡಿದ್ದಾಗಿರಬಹುದು, ಆದರೂ ಅದು ಬೈಬಲಿನದೇ ವಚನ, ಮೊದಲು ನಿನ್ನ ಕಣ್ಣಿನ ತೊಲೆ ತೆಗೆದುಕೋ ಎಂಬುದು. ವಚನ ಬಂದ ಮೇಲೆ ಶನಿವಾರದೊಳಗೆ ಮಾಡಲೇಬೇಕು. ಬಾಟಲಿ ಇಳಿಸಿದರು. ಅದೂ ಕಪ್ಪಾಯಿತು.

ಗುರುವಾರ ಬೆಳಿಗ್ಗೆ ಅವರ ಮನೆಯ ಗೇಟಿನಲ್ಲಿ ರಟ್ಟಿನ ಮೇಲೆ ದಪ್ಪಕ್ಷರದ ಬರಹವೊಂದು ತೂಗುತ್ತಿತ್ತು: ‘ಈ ಮನೆಯ ಬಾವಿಯ ನೀರು ಕುಡಿಯಲು ಯೋಗ್ಯವಲ್ಲ. ಇಷ್ಟು ವರ್ಷ ಇಲ್ಲಿ ಕುಡಿದವರು ನನ್ನನ್ನು ಕ್ಷಮಿಸಬೇಕು. ಸುಗುಣಾ.’ ಎದುರು ಮನೆಯ ಗೋವಿಂದಮ್ಮ ಓದಿ ತಲೆ ಚಚ್ಚಿಕೊಂಡರು. “ಅಲ್ಲ ಕಣಮ್ಮಿ, ಒಳ್ಗೊಳ್ಗೇ ಬಾವಿ ಮುಚ್ಚುದ್ರಾಗ್ತಿರ್ಲಿಲ್ವಾ? ಬೀದಿಗೆಲ್ಲ ಬೋರ್ಡ್ ಆಕ್ಬೇಕಿತ್ತಾ?”

“ಬೀದಿಗೆಲ್ಲ ಕುಡಿಸಿದೀನಲ್ಲ ಗೋವಿಂದಮ್ಮ,” ಎಂದರು ಇವರು.

ಆ ಭಾನುವಾರ, ಜೂನ್ 17ರಂದು, ಆರಾಧನೆಯ ಪ್ರಕಟಣೆಗಳ ಹೊತ್ತಿಗೆ ಎದ್ದು, ತಮ್ಮ ಮನೆಯ ಬಾವಿಯ ವಿಷಯ ಮೊದಲು ಹೇಳಿ, ನನ್ನ ತೊಲೆ ತೆಗೆದಾಯಿತು, ಇನ್ನು ಶಾಲೆಯ ನೀರಿನ ಮಾತು ಎಂದು ಫಲಿತಾಂಶ ಓದಿದರು. ಅಧಿಕಾರಿಗಳು ಬಂದು ಹೋಗುವವರೆಗೆ ಕಾಯಿರಿ ಎಂದು ಕಮಿಟಿಯ ಸಾಲಿನಿಂದ ಕೂಗು ಬಂತು. ಮಕ್ಕಳು ನಾಳೆ ಬೆಳಿಗ್ಗೆಯೇ ಕುಡಿಯುತ್ತಾರೆ. ಸ್ಪ್ಯಾನರ್ ಚೀಲದಲ್ಲಿತ್ತು.

ಮೂರು ದಿನಗಳಲ್ಲಿ ಪತ್ರ ಬಂತು. ಲಿಖಿತ ಕ್ಷಮಾಪಣೆ ಕೊಡುವವರೆಗೆ ಸಭೆಯ ಆವರಣದಲ್ಲಿ ತರಗತಿ ನಡೆಸುವಂತಿಲ್ಲ. ಅಯ್ಯನವರು ಖುದ್ದಾಗಿ ಮನೆಗೆ ಬಂದು, ಒಂದು ಸಾಲು ಬರೆದುಕೊಡಿ ಸಾಕು ಎಂದು ಬೇಡಿದರು. ಸುಗುಣಾ ಅವರು ಹುಟ್ಟಿ ಬೆಳೆದ ಸಭೆ ಅದು, ಗಂಡನನ್ನು ಮಣ್ಣು ಮಾಡಿದ ಸಭೆ. ಅವರು ಉತ್ತರ ಬರೆದರು: ‘ನನ್ನ ಬಾವಿಗಾಗಿ ಕ್ಷಮೆ ಕೇಳಿದ್ದೇನೆ, ಇನ್ನೂ ಕೇಳುತ್ತೇನೆ. ನಲ್ಲಿಗಳಿಗಾಗಿ ಕೇಳುವುದಿಲ್ಲ.’ ಅಂದಿನಿಂದ ಹದಿನಾಲ್ಕು ತಿಂಗಳು ತರಗತಿ ನಡೆದದ್ದು ಕಾಂಪೌಂಡಿನ ಹೊರಗೆ, ರಸ್ತೆ ಬದಿಯ ಕಲ್ಲುಚಪ್ಪಡಿಯ ಮೇಲೆ. ಹನ್ನೆರಡು ಜನರಿದ್ದದ್ದು ಐದಕ್ಕಿಳಿಯಿತು. ಆ ಐವರಲ್ಲಿ ಕುಮಾರ, ಶಾಲಿನಿ ಇದ್ದರು. ಒಳಗೆ ಆರಾಧನೆಗೆ ಮಾತ್ರ ಸುಗುಣಾ ಅವರು ಒಂದು ಭಾನುವಾರವೂ ತಪ್ಪಿಸಲಿಲ್ಲ. ಹೇಮಂತರ ಹಿಂದಿನ ಬೆಂಚಿನಲ್ಲೇ ಕೂತರು.

ಇತ್ತ ಶಾಲೆಯ ಆಯಾ ಮಾದಮ್ಮ ಸೋಮವಾರ ಬೆಳಿಗ್ಗೆಯೇ ಗೇಟಿನಲ್ಲಿ ನಿಂತು ತಾಯಂದಿರಿಗೆ ಹೇಳತೊಡಗಿದ್ದರು: “ನಲ್ಲಿ ಇಲ್ಲ ಕಣ್ರವ್ವ, ಮನೆಯಿಂದ್ಲೇ ಬಾಟ್ಲಿ ತುಂಬ್ಕೊಟ್ಟು ಕಳ್ಸಿ.” ವಾರ ಕಳೆಯುವುದರೊಳಗೆ ಹೇಮಂತ್ ಹೊಸ ನಲ್ಲಿಗಳನ್ನು ತಂದು, ಜೋಡಿಸಲು ಆಳು ಕರೆಸೆಂದು ಮಾದಮ್ಮನವರಿಗೆ ಹೇಳಿದರು. ಮಾದಮ್ಮ ಉಳಿದ ಕಥೆಯನ್ನು ಇಂದಿಗೂ ಅಭಿನಯಿಸಿ ತೋರಿಸುತ್ತಾರೆ. ವಾಲ್ವ್ ತುಸು ತೆರೆದು, ನಲ್ಲಿಯಿಲ್ಲದ ಪೈಪಿನಿಂದ ಸ್ಟೀಲ್ ಲೋಟ ತುಂಬಿ ಕಾರ್ಯದರ್ಶಿಯವರ ಕೈಗೆ ಕೊಟ್ಟರಂತೆ.

“ಕರುಸ್ತೀನಿ ಸಾ. ಮೊದ್ಲು ನೀವೊಂದ್ ಲೋಟ ಕುಡೀರಿ.”

“ಏನ್ ಮಾದಮ್ಮ, ನನಗೇ ಸವಾಲಾ?”

“ಸವಾಲೇನ್ ಬಂತು ಸಾ, ನಿಮ್ಮಪ್ಪಾವ್ರು ಕೊರ್ಸಿರೋ ನೀರು. ಕುಡೀರಿ, ನಾನೂ ಕುಡೀತೀನಿ.”

ಹೇಮಂತ್ ಲೋಟ ಹಿಡಿದು ಗೋಡೆಯ ಅಮೃತಶಿಲೆಯ ಕಡೆ ನೋಡಿದರು. ಬಾಯಿಯವರೆಗೆ ತಂದರು. ಕುಡಿಯಲಿಲ್ಲ. ಲೋಟವನ್ನು ಕಟ್ಟೆಯ ಮೇಲಿಟ್ಟು, ಹೊಸ ನಲ್ಲಿಗಳ ಪೊಟ್ಟಣವನ್ನು ಅಲ್ಲೇ ಬಿಟ್ಟು ಹೊರಟುಹೋದರು. ಪರಿಶೀಲನೆಗೆ ಬಂದ ಅಧಿಕಾರಿಗಳ ಮುಂದೆ ನೀರು ಕೆಟ್ಟಿದೆ ಎಂದು ಬಾಯಿಬಿಟ್ಟು ಹೇಳಿದವರು ಸ್ವತಃ ಹೇಮಂತರೇ ಎಂಬುದನ್ನು ಇಲ್ಲಿ ದಾಖಲಿಸುವುದು ನ್ಯಾಯ. ಗುಂಡಿಯನ್ನು ಮೈದಾನದ ಆಚೆ ತುದಿಗೆ ಸಾಗಿಸಲು ಆರು ತಿಂಗಳು ಕಾಲಾವಕಾಶ ಸಿಕ್ಕಿತು, ಮಾನ್ಯತೆ ಹೋಗಲಿಲ್ಲ. ದಸರಾ ರಜೆಯಲ್ಲಿ ಕೆಲಸ ಮುಗಿಯಿತು. ಬಾವಿಗೆ ಕ್ಲೋರಿನ್ ಹಾಕಿ, ದಿವ್ಯಳ ಕೈಯಿಂದ ಎರಡು ಬಾರಿ ಪರೀಕ್ಷೆ ಮಾಡಿಸಿದ ಮೇಲೆ ಸುಗುಣಾ ಅವರು ತಾವು ಬಿಚ್ಚಿದ ನಲ್ಲಿಗಳನ್ನು ತಾವೇ ಬಂದು ಜೋಡಿಸಿದರು.

ಕ್ಷಮಾಪಣೆಯ ಪತ್ರವನ್ನು ಅವರು ಬರೆಯಲಿಲ್ಲ, ನಿಷೇಧದ ಪತ್ರವನ್ನು ಕಮಿಟಿ ಹಿಂತೆಗೆದುಕೊಳ್ಳಲಿಲ್ಲ. 2019ರ ಆಗಸ್ಟಿನ ಒಂದು ಭಾನುವಾರ ಮಳೆ ಬರುತ್ತಿದ್ದಾಗ ಹೇಮಂತ್ ಬಂದು ತರಗತಿ ನಡೆಯುತ್ತಿದ್ದ ಸಭಾಂಗಣದ ಬೀಗ ತೆಗೆದು, ಕೊನೆಯ ಬೆಂಚಿನಲ್ಲಿ ತಾವೂ ಕೂತರು. ಹಿಂದಿನ ವಾರದ ಭಾಗವನ್ನು ಏನು ಮಾಡಿದಿರಿ ಎಂದು ಸುಗುಣಾ ಅವರು ಅವರನ್ನೂ ಕೇಳಿದರು.

ಇಂಥವರಿಗೆ ನಿವೃತ್ತಿಯ ನೆಮ್ಮದಿ ಸಿಗಲಿ ಎಂದು ಹಾರೈಸಿದರೆ ಅವರೇ ಒಪ್ಪಲಾರರು. ಅವರ ಆಯುಸ್ಸು ನೂರು ತುಂಬಲಿ. ಆ ವರ್ಷಗಳಲ್ಲಿ ಅವರ ಮೊಣಕಾಲು ಗಟ್ಟಿಯಾಗಿರಲಿ, ನಾಲಗೆ ಮೆತ್ತಗಾಗದಿರಲಿ. ನಮ್ಮ ಸಭೆಗಳಿಗೆ ಅವರಿಂದ ಇನ್ನೂ ಹತ್ತಾರು ಮುಜುಗರಗಳು ಒದಗಲಿ. ಶಾಲೆಯ ನೀರಿನಲ್ಲಿ ಕ್ರಿಮಿ ತಡೆಯಲು ಉಳಿದಿರಬೇಕಾದ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಮಿಗಿಂತ ಇಳಿದ ದಿನ ಯಾರನ್ನೂ ಕೇಳದೆ ವಾಲ್ವ್ ಮುಚ್ಚುವ ಅಧಿಕಾರವನ್ನು ಕಮಿಟಿ ಈಗ ಮಾದಮ್ಮನವರಿಗೆ ಕೊಟ್ಟಿದೆ, ಅಳೆಯುವುದನ್ನು ಸುಗುಣಾ ಅವರೇ ಕಲಿಸಿದ್ದಾರೆ. ನಿವೃತ್ತಿಯ ಮರುದಿನ ಭಾನುವಾರ ಕಳೆದು, ಈ ವರ್ಷದ ಜೂನ್ 2ರ ಸೋಮವಾರ ಬೆಳಿಗ್ಗೆ ಎಂಟೂವರೆಗೆ, ಮೊದಲ ಮಗು ಲೋಟ ಹಿಡಿಯುವ ಮುಂಚೆ ಮಾದಮ್ಮ ಅಳೆದು ಗೋಡೆಯ ಮೇಲೆ ಬರೆದದ್ದು: ಲೀಟರಿಗೆ 0.4 ಮಿಲಿಗ್ರಾಂ.