ಹೆಸರು ಹೇಳದ ಅಕ್ಕ

ಅಕ್ಕನ ಕನ್ನಡಕಕ್ಕೆ ಎಡಗಡೆಯ ಕಡ್ಡಿ ಇರಲಿಲ್ಲ. ಅದು ಮುರಿದು ಎಷ್ಟು ಕಾಲವಾಗಿತ್ತೋ ಏನೋ. ಆ ಜಾಗದಲ್ಲಿ ಕೆಳಗಿನ ಮಗ್ಗದವರಿಂದ ಕೇಳಿ ತಂದ ಕೆಂಪು ರೇಷ್ಮೆ ದಾರವನ್ನು ನಾಲ್ಕೆಳೆ ಹೊಸೆದು ಕಟ್ಟಿ ಕಿವಿಗೆ ಸುತ್ತಿಕೊಂಡಿದ್ದರು. ಕೋಪ ಬಂದರೆ ಬಲಗಡೆಯ ಕಡ್ಡಿಯನ್ನು ಸರಕ್ಕನೆ ಎಳೆಯುವರು. ಆಗ ಕನ್ನಡಕ ಎಡಗಿವಿಯಿಂದ ನೇತಾಡಿಕೊಂಡು ಕೆನ್ನೆಗೆ ಬಡಿಯುವುದು. ಅದನ್ನು ನೋಡಿ ನಕ್ಕವರಿಗೆ ಎರಡನೇ ಸುತ್ತಿನ ಬೈಗುಳ. ನಾನು ಪ್ರತಿಸಲವೂ ನಗುತ್ತಿದ್ದೆ, ಪ್ರತಿಸಲವೂ ಬೈಸಿಕೊಳ್ಳುತ್ತಿದ್ದೆ.

ದೊಡ್ಡಬಳ್ಳಾಪುರದಲ್ಲಿ ಒಂದು ಮಗ್ಗದ ಮನೆಯ ಮಹಡಿಯ ಮೇಲೆ ನಮ್ಮ ಕಂಪನಿ. ಕಂಪನಿ ಎಂದರೆ ಆರು ಕುರ್ಚಿ, ಅದರಲ್ಲಿ ಒಂದು ಕುಂಟು. ಕೆಳಗೆ ಪವರ್‌ಲೂಮುಗಳು ಕಟಕಟ ಎನ್ನುತ್ತಿದ್ದರೆ ಮೇಲೆ ನಾವು ಹೊರದೇಶದ ಗಿರಾಕಿಯೊಬ್ಬರ ಡಿಬಗರನ್ನು ರಿಪೇರಿ ಮಾಡುತ್ತಿದ್ದೆವು. ಡಿಬಗರು ಎಂದರೇನೆಂದು ಮಗ್ಗ ನೇಯುವ ನಮ್ಮಪ್ಪ ಇವತ್ತಿಗೂ ಕೇಳುತ್ತಾರೆ. ಓಡುತ್ತಿರುವ ಪ್ರೋಗ್ರಾಮನ್ನು ನಡುವೆ ತಡೆದು ನಿಲ್ಲಿಸಿ, ‘ಈ ಹೆಸರಿನವರ ಹತ್ತಿರ ಈಗ ಏನಿದೆ?’ ಎಂದು ವಿಚಾರಿಸುವ ಸಾಧನ ಅದು. ಕೇಳಿದ ಹೆಸರಿಗೆ ಸರಿಯಾದ ಆಸಾಮಿಯನ್ನು ಅದು ಹುಡುಕಿಕೊಡಬೇಕು. ದೊಡ್ಡ ಪ್ರೋಗ್ರಾಮಿನಲ್ಲಿ ಒಂದೇ ಹೆಸರಿನವರು ಹತ್ತು ಜನ ಇರುತ್ತಾರೆ. ತಪ್ಪು ಆಸಾಮಿಯನ್ನು ಹಿಡಿದು ತಂದರೆ ಕೆಲಸ ಕೆಟ್ಟಂತೆಯೇ.

ಈ ಹೆಸರು ಹುಡುಕುವ ಭಾಗಕ್ಕೆ ಅಕ್ಕನೇ ಯಜಮಾನಿ. ತೂಬಗೆರೆ ಕಡೆಯ ಹಳ್ಳಿಯಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ವಿಚಿತ್ರವೆಂದರೆ, ದಿನವೆಲ್ಲ ಹೆಸರುಗಳ ನಡುವೆಯೇ ಬದುಕುವ ಈ ಮನುಷ್ಯೆ ಯಾರ ಹೆಸರನ್ನೂ ಹಿಡಿದು ಕರೆದದ್ದಿಲ್ಲ. ನನ್ನನ್ನು ‘ಮಗ್ಗದ್ಮನೆ ಹುಡುಗಿ’ ಎನ್ನುವರು. ನನ್ನ ಪಕ್ಕದವನು ‘ಕಿಟಕಿ ಹತ್ರದೋನು’. ಗಂಡ ‘ಗುಂಡನ ಅಪ್ಪ’. ಗುಂಡ ಅವರ ಮಗ, ಅದೂ ಕರೆಯುವ ಹೆಸರು, ದಾಖಲೆಯದಲ್ಲ. ನಾನು ಸೇರಿದ ಹೊಸದರಲ್ಲಿ, ‘ಅಕ್ಕಾ, ಈ ಹೆಸರು ಎಲ್ಲಿ ಹುಡುಕಲಿ?’ ಎಂದು ಕೇಳಿದ್ದಕ್ಕೆ ಕನ್ನಡಕ ಎಳೆದೇಬಿಟ್ಟರು.

“ಹೆಸರಲ್ಲೇನಿದ್ಯೇ? ಯಾರ ಮನೇಲಿ ನಿಂತ್ಕೊಂಡು ಕರೀತಿದೀಯ, ಅದನ್ನ ಮೊದ್ಲು ಹೇಳು. ‘ಅಮ್ಮಾ’ ಅಂತ ನೀನು ಕೂಗಿದ್ರೆ ನಿಮ್ಮಮ್ಮ ಬರ್ತಾರೋ ಬೀದಿ ಹೆಂಗಸ್ರೆಲ್ಲಾ ಬರ್ತಾರೋ?”

ಮೂರು ತಿಂಗಳ ಟ್ರೈನಿಂಗಿನಲ್ಲಿ ಕಲಿಯದ್ದನ್ನು ಆ ಒಂದು ಬೈಗುಳದಲ್ಲಿ ಕಲಿತೆ. ಮೊದಲು ನಿಂತ ಮನೆ, ಎಂದರೆ ನಾವಿರುವ ಫೈಲು, ಆಮೇಲೆ ಬೀದಿ, ಕೊನೆಗೆ ಊರು. ಹುಡುಕುವ ಕ್ರಮ ಅಷ್ಟೇ.

ನನ್ನ ಪರಿಸ್ಥಿತಿ ಆಗ ಹೇಗಿತ್ತೆಂದರೆ, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಮ್ಯಾನೇಜರು ನನ್ನ ತಲೆಗೆ ಡಿಬಗರಿನದೇ ಒಂದು ಬಗ್ಗನ್ನು, ಎಂದರೆ ದೋಷವನ್ನು, ಕಟ್ಟಿ, ಶುಕ್ರವಾರ ಗಿರಾಕಿಯ ಮುಂದೆ ಅದು ಸರಿಹೋದದ್ದನ್ನು ತೋರಿಸಿದರೆ ಉಳಿದೆ, ಇಲ್ಲದಿದ್ದರೆ ಇಲ್ಲ ಎಂದುಬಿಟ್ಟಿದ್ದರು. ಇಲ್ಲ ಎಂದರೆ ನನಗೆ ಕಾದಿದ್ದದ್ದು ಸೋದರಮಾವನ ಸೀರೆ ಅಂಗಡಿ. ಮನೆಯಲ್ಲಿ ಆಗಲೇ ಮಾತಾಗಿತ್ತು. ನಲವತ್ತು ಸೀರೆ ಬಿಡಿಸಿ ನೋಡಿ, ‘ಆಮೇಲ್ ಬರ್ತೀವಿ’ ಎಂದು ಎದ್ದುಹೋಗುವವರಿಗೆ ನಗುತ್ತಾ ಕೈಮುಗಿಯಬೇಕು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುವಂಥದ್ದು. ಒಂದೇ ವಾರದಲ್ಲಿ ಮಾವನಿಗೆ ಗಿರಾಕಿಯೂ ಇಲ್ಲ, ನನಗೆ ಮಾವನೂ ಇಲ್ಲ ಎಂಬ ಹಾಗಾಗುತ್ತಿತ್ತು.

ಆ ದರಿದ್ರ ಬಗ್ಗಿನ ವರಸೆ ಹೀಗೆ. ಗಿರಾಕಿಯ ಕಡೆ ಹೆಸರು ಕೇಳಿದರೆ ಒಮ್ಮೊಮ್ಮೆ ಬೇರೆ ಫೈಲಿನಲ್ಲಿರುವ ಅದೇ ಹೆಸರಿನ ಇನ್ನೊಬ್ಬ ಆಸಾಮಿ ಬಂದು ನಿಲ್ಲುವನು. ನಮ್ಮ ಕಡೆ ಕೇಳಿದರೆ ಸಾಧುಪ್ರಾಣಿ! ಸರಿಯಾದವನೇ ಬರುವನು. ಎರಡು ವಾರ ಕೇಳಿದೆ, ನೂರು ಸಲ ಕೇಳಿದೆ. ಪ್ರತಿಸಲವೂ ಡಿಬಗರನ್ನು ಮುಚ್ಚಿ, ಹೊಸದಾಗಿ ತೆರೆದು, ಒಂದು ಹೆಸರು ಕೇಳುವುದು. ಸರಿ ಉತ್ತರ. ಮತ್ತೆ ಮುಚ್ಚುವುದು. ತಲೆ ಕೆಟ್ಟು ಮೊಸರಾಗಿಹೋಯಿತು.

ಬುಧವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಅಕ್ಕ ಡಬ್ಬಿ ಬಿಚ್ಚುತ್ತಲೇ ಊರಿಗೆ ಬರುವ ಕೊರಿಯರ್‌ನವನನ್ನು ಬೈಯಲು ಶುರುಮಾಡಿದರು. ಅವರ ಮಗನಿಗೆ ತಾತನ ಹೆಸರನ್ನೇ ಇಟ್ಟಿದ್ದಾರಂತೆ. ಕೊರಿಯರ್‌ನವನು ಮೊದಲ ಸಲ ಬಂದಾಗ ಊರ ಬಾಗಿಲ ಅಂಗಡಿಯಲ್ಲಿ ಆ ಹೆಸರು ವಿಚಾರಿಸಿದ್ದಾನೆ. ಅಂಗಡಿಯವನು ಹೊಲದಲ್ಲಿದ್ದ ತಾತನನ್ನು ತೋರಿಸಿದ್ದಾನೆ. ಅವತ್ತು ಬಂದದ್ದು ತಾತನ ಮಂಡಿನೋವಿನ ಎಣ್ಣೆಯೇ, ಸರಿಹೋಯಿತು. ಆಮೇಲಿನಿಂದ ಮೊಮ್ಮಗನಿಗೆ ಬಂದದ್ದೆಲ್ಲ ನೇರ ಹೊಲಕ್ಕೆ.

“ಗುಂಡಂಗೆ ಅಂತ ಓಡೋ ಶೂ ತರಿಸಿದ್ರೆ, ಇವರು ಹಾಕ್ಕೊಂಡು ರಾಗಿ ಹೊಲದಲ್ಲಿ ನೀರು ಕಟ್ತಾವ್ರೆ ಕಣೇ! ಮೊನ್ನೆ ಸೆಂಟು ಬಂತು. ಅದನ್ನ ಹಸೂಗೆ ಹೊಡ್ದವ್ರೆ, ನೊಣ ಓಡ್ಸೋ ಔಷ್ದಿ ಅಂದ್ಕೊಂಡು. ಆ ಕೊರಿಯರ್‌ನೋನು ಒಂದ್ಸಲ ಕೇಳಿ ತಿಳ್ಕೊಂಡ ನೋಡು, ಆಮೇಲೆ ಯಾರಿಗೆ ಅಂತ ಕೇಳೋದೇ ಬಿಟ್ಬಿಟ್ಟ. ಹೆಸರು ನೋಡ್ತಾನೆ, ಹೊಲಕ್ಕೆ...”

ಅಕ್ಕನ ತುತ್ತು ಬಾಯಿಯ ಹತ್ತಿರವೇ ನಿಂತಿತು. ಅಕ್ಕ ನನ್ನನ್ನು ನೋಡಿದರು.

“ಲೇ, ನೀನು ಒಂದೊಂದ್ಸಲಾನೂ ಮುಚ್ಚಿ ಮುಚ್ಚಿ ತೆಗೀತಿದೀಯಾ?”

“ಹೂಂ ಅಕ್ಕಾ. ಶುದ್ಧವಾಗಿರ್ಲಿ ಅಂತ.”

“ನಿನ್ನ ಶುದ್ಧಕ್ಕಿಷ್ಟು! ಮುಚ್ದೇನೇ ಎರಡನೇ ಮನೇಲಿ ನಿಂತ್ಕೊಂಡು ಇನ್ನೊಂದ್ಸಲ ಕೇಳಿದ್ಯೇನೇ?”

ಎಂಜಲು ಕೈಯಲ್ಲೇ ಎದ್ದು ಎಡಗೈಯಲ್ಲಿ ಟೈಪು ಮಾಡಿದೆ. ಮೊದಲ ಸಲ ಸರಿ ಉತ್ತರ. ಮುಚ್ಚದೆ ಬೇರೆ ಫೈಲಿಗೆ ಹೋಗಿ ಅದೇ ಹೆಸರು ಕೇಳಿದೆ. ಹಳೆಯ ಆಸಾಮಿಯೇ ಬಂದು ನಿಂತ! ಒಮ್ಮೆ ಹುಡುಕಿದ ಹೆಸರನ್ನು, ಮುಂದಿನ ಸಲ ಬೇಗ ಸಿಗಲೆಂದು, ಡಿಬಗರು ಪಕ್ಕದಲ್ಲಿ ಬರೆದಿಟ್ಟುಕೊಳ್ಳುತ್ತಿತ್ತು. ಹೆಸರು ಬರೆದುಕೊಂಡಿತ್ತು, ಯಾರ ಮನೆಯ ಹೆಸರು ಎಂಬುದನ್ನು ಬಿಟ್ಟಿತ್ತು. ನಾನು ಕುಣಿದೆ. ಅಕ್ಕ ಊಟ ಮುಂದುವರಿಸಿದರು.

ಮಾರನೆಯ ದಿನದೊಳಗೆ ಸರಿಪಡಿಸಿದೆ. ಹೆಸರಿನ ಜೊತೆ ಮನೆಯನ್ನೂ ಬರೆದಿಟ್ಟುಕೊಳ್ಳುವ ಹಾಗೆ ಮಾಡಿದೆ. ಗಿರಾಕಿಗೆ ತೋರಿಸಲು ಒಂದು ಪುಟ್ಟ ಪ್ರೋಗ್ರಾಮು ಬರೆಯಬೇಕಿತ್ತು. ಬಗ್ ಸಿಕ್ಕಿದ್ದೇ ಅಕ್ಕನ ಕಥೆಯಿಂದ, ಅವರಿಗೆ ಖುಷಿಯಾಗಲಿ ಎಂದು ನನ್ನ ಬುದ್ಧಿವಂತಿಕೆಯನ್ನೆಲ್ಲ ಉಪಯೋಗಿಸಿದೆ. ಅಕ್ಕನ ಮೇಜಿನ ಮೇಲೆ ಬಿದ್ದಿದ್ದ ಪಾರ್ಸಲ್ ಚೀಟಿಯಲ್ಲಿ ಗುಂಡನ ದಾಖಲೆಯ ಹೆಸರಿತ್ತು. ಅದನ್ನೇ ಎರಡು ಫೈಲಿನಲ್ಲೂ ಇಟ್ಟೆ. ‘ಹೊಲ’ ಎಂಬ ಫೈಲಿನಲ್ಲಿ ಅದರ ಹತ್ತಿರ ಎಪ್ಪತ್ತೆರಡು, ತಾತನ ವಯಸ್ಸು. ‘ಕಾಲೇಜು’ ಎಂಬ ಫೈಲಿನಲ್ಲಿ ಹದಿನೇಳು, ಮೊಮ್ಮಗನ ವಯಸ್ಸು. ಹೊಲದಲ್ಲಿ ಕೇಳಿ, ಆಮೇಲೆ ಕಾಲೇಜಿನಲ್ಲಿ ಕೇಳಿದಾಗ ಹದಿನೇಳು ಬಂದರೆ ನಾನು ಗೆದ್ದ ಹಾಗೆ. ಅದನ್ನೂ ಸರಿಪಡಿಸಿದ ಡಿಬಗರನ್ನೂ ಗಿರಾಕಿಗೆ ಕಳಿಸಿಬಿಟ್ಟ ಮೇಲೆ ಅಕ್ಕನಿಗೆ ತೋರಿಸಿದೆ. ಅವರ ಮುಖ ಕೆಂಪಾಯಿತು.

“ಬೇರೆ ಹೆಸರೇ ಸಿಗ್ಲಿಲ್ವೇನೇ ನಿಂಗೆ?”

“ಯಾಕಕ್ಕಾ, ಚೆನ್ನಾಗಿಲ್ವಾ?”

“ಮಾವನೋರ ಹೆಸರು ಕಣೇ ಅದು. ನಾನು ಹೇಳಲ್ಲ. ಮದುವೆ ಆಗಿ ಇಪ್ಪತ್ತಮೂರು ವರ್ಷ ಆಯ್ತು, ಹೇಳಿಲ್ಲ.”

ನನಗೆ ನಗು ತಡೆಯಲಾಗಲಿಲ್ಲ. “ಎಂ.ಸಿ.ಎ. ಮಾಡಿದೀರ, ನೀವೂ ಇದನ್ನೆಲ್ಲಾ ನಂಬ್ತೀರಾ?”

“ನಂಬೋದಲ್ವೇ. ನಾಲ್ಗೇನೇ ಹೊರಳಲ್ಲ. ಅದ್ಕೇ ಅಲ್ವಾ ಮಗೂನ ಗುಂಡ ಅಂತಿರೋದು? ಹೋಗ್ಲಿ, ನಾಳೆ ಮಾತಾಡೋಳು ನೀನು. ನೀನೇ ಹೇಳ್ಕೊ.”

ಅಷ್ಟು ಹೊತ್ತು ಕೊರಿಯರ್ ಕಥೆ ಹೇಳಿದ್ದರೂ ಆ ಹೆಸರನ್ನು ಒಮ್ಮೆಯೂ ಆಡಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆಗಲೇ.

ಶುಕ್ರವಾರ ಮಧ್ಯಾಹ್ನ, ಗಿರಾಕಿ ಲೈನಿಗೆ ಬರುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಯು.ಪಿ.ಎಸ್. ಐದು ನಿಮಿಷ ಕುಯ್ಯೋ ಮರ್ರೋ ಎಂದು ಸುಮ್ಮನಾಯಿತು. ನಾನೂ ಕಿಟಕಿ ಹತ್ತಿರದವನೂ ಕೆಳಗೆ ಓಡಿದೆವು, ಪಕ್ಕದ ಕಟ್ಟಡದ ಜನರೇಟರಿನಿಂದ ಒಂದು ವೈರು ಎಳೆಯಲು. ಅಷ್ಟರಲ್ಲಿ ಬೆಂಗಳೂರಿನಲ್ಲಿದ್ದ ಮ್ಯಾನೇಜರು ಗಿರಾಕಿಯನ್ನು ಅಕ್ಕನ ಫೋನಿಗೇ ಜೋಡಿಸಿಬಿಟ್ಟಿದ್ದರು. ಅಕ್ಕನದು ಗುಂಡಿ ಒತ್ತುವ ಹಳೇ ಫೋನು. ‘ಸ್ಮಾರ್ಟ್ ಫೋನಲ್ಲಿ ಏನೇನಿರುತ್ತೆ ಅಂತ ನಂಗೆ ಗೊತ್ತು, ಅದ್ಕೇ ಇಟ್ಕೊಂಡಿಲ್ಲ’ ಎನ್ನುತ್ತಿದ್ದರು. ಇನ್ನು ನನ್ನ ಘನಕಾರ್ಯ ಬೇರೆ. ಪ್ರೋಗ್ರಾಮು ಕಳಿಸಿದ್ದೆ, ಅದನ್ನು ಬರೆದ ಫೈಲುಗಳನ್ನು ಕಳಿಸುವುದು ಮರೆತಿದ್ದೆ. ಗಿರಾಕಿಗೆ ಅದರೊಳಗೆ ಏನಿದೆಯೆಂದು ಕಾಣುವಂತಿಲ್ಲ. ಯಾವ ಹೆಸರು ಕೇಳಬೇಕೆಂದು ಯಾರಾದರೂ ಬಾಯಿಬಿಟ್ಟು ಹೇಳಲೇಬೇಕು.

ವೈರಿನ ತುದಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಕರೆಂಟಿಲ್ಲದೆ ಮಗ್ಗಗಳೆಲ್ಲ ನಿಂತು ಬೀದಿ ನಿಶ್ಶಬ್ದವಾಗಿತ್ತು. ಅಕ್ಕನ ಇಂಗ್ಲಿಷು, ಸ್ಪೀಕರಿನಿಂದ ಗಿರಾಕಿಯ ದನಿ ಎರಡೂ ಸ್ಪಷ್ಟವಾಗಿ ಕೇಳುತ್ತಿದ್ದವು.

ಯಾವ ಹೆಸರು ಹಾಕಲಿ ಎಂದು ಅವನು ಕೇಳಿದ. ಅಕ್ಕ, “ಅದು ನಮ್ಮ ಯಜಮಾನರ ತಂದೆಯವರದು” ಎಂದರು. ಪಾಪ, ಆ ಮನುಷ್ಯ ‘ಯಜಮಾನರ ತಂದೆ’ ಎಂದೇ ಇಂಗ್ಲಿಷಿನಲ್ಲಿ ಟೈಪು ಮಾಡಿ, ಹಾಗೆಂಬ ಹೆಸರು ಇಲ್ಲಿಲ್ಲ ಎಂದು ಡಿಬಗರು ಹೇಳುತ್ತಿದೆ ಎಂದ. ಅಕ್ಕ ಅಕ್ಷರ ಅಕ್ಷರವಾಗಿ ಹೇಳಲು ನೋಡಿದರು. ಹಾಳು ಲೈನಿನಲ್ಲಿ ಒಂದು ಅಕ್ಷರ ಇನ್ನೊಂದಾಗಿ ಕೇಳಿಸಿ, ಅವನು ಬೇರೇನೋ ಟೈಪು ಮಾಡಿದ. ಅದೂ ಇಲ್ಲ. ಮ್ಯಾನೇಜರು ನಡುವೆ ಬಾಯಿ ಹಾಕಿ ಗಂಟಲು ಸರಿಮಾಡಿಕೊಂಡರು. ಆ ಗಂಟಲಿನ ಅರ್ಥ ನನಗೆ ಗೊತ್ತಿತ್ತು.

“ಹಾಗಾದರೆ ಇದು ಇನ್ನೂ ಸರಿಯಾಗಿಲ್ಲವೆಂದು ಬರೆದುಕೊಳ್ಳಲೇ?” ಎಂದ ಗಿರಾಕಿ, ಮರ್ಯಾದೆಯಿಂದಲೇ.

ಹೆಸರನ್ನು ನಾನೇ ಹೇಳೋಣವೆಂದು ಉಳಿದ ಮೆಟ್ಟಿಲುಗಳನ್ನು ಓಡಿ ಹತ್ತಿದೆ, ಅಷ್ಟರಲ್ಲಿ ಅಕ್ಕನೇ ಮುಂದಾಗಿದ್ದರು. ಬಾಗಿಲಿನಿಂದ ಕಂಡದ್ದಿಷ್ಟು. ಅಕ್ಕ ಎದ್ದು ನಿಂತರು, ಸೆರಗು ತಲೆಗೆ ಎಳೆದುಕೊಂಡರು, ಕಣ್ಣು ಮುಚ್ಚಿದರು. ಹೇಳಿದರು. ಅವನು “ಏನು?” ಎಂದ. ಮತ್ತೆ ಹೇಳಿದರು. ಅವನು ಮತ್ತೆ “ಏನು?” ಎಂದ. ಮೂರನೇ ಸಲ ಮಾವನವರ ಹೆಸರನ್ನು ಅಕ್ಕ ಕೂಗಿದ ಕೂಗು, ಮಗ್ಗ ನಿಂತ ಆ ಬೀದಿಯ ಈ ತುದಿಯಿಂದ ಆ ತುದಿಗೆ ಕೇಳಿಸಿತು. ಕೆಳಗೆ ಯಾರೋ, “ಯಾರಪ್ಪಾ ಅದು ಕಳ್ದೋಗಿರೋದು?” ಎಂದರು.

“ಹೊಲದಲ್ಲಿ ಎಪ್ಪತ್ತೆರಡು,” ಎಂದ ಗಿರಾಕಿ. ಕೀಲಿಗಳ ಸದ್ದಾಯಿತು. “ಕಾಲೇಜಿನಲ್ಲಿ ಹದಿನೇಳು. ಸರಿಯಾಗಿದೆ.”

ನಾನು ವೈರು ಹಿಡಿದುಕೊಂಡೇ ಅತ್ತುಬಿಟ್ಟೆ. ಅಕ್ಕ ಒಂದು ಚೊಂಬು ನೀರು ಕುಡಿದು, “ಫೈಲು ಕಳ್ಸೋದು ಮರ್ತಿದ್ಯಲ್ಲ, ನಿಂಗೆ ತಲೇಲಿ ಏನ್ ತುಂಬೈತೆ?” ಎಂದು ಕನ್ನಡಕ ಎಳೆದರು. ಅವತ್ತು ಮಾತ್ರ ನಾನು ನಗಲಿಲ್ಲ.

ಸೋಮವಾರ ನನ್ನ ಖಾಯಂ ಕಾಗದ ಬಂತು. ಸೋದರಮಾವನ ಅಂಗಡಿ ತಪ್ಪಿತು. ಹೆಸರು ಕೂಗಿದ್ದಕ್ಕೆ ಅವರ ಮನೆಯಲ್ಲಿ ಮಾವನವರು ಏನಂದರು ಎಂದು ಅಕ್ಕನನ್ನು ಕೇಳಿದೆ.

“ಬೇರೆ ಯಾರಾದ್ರೂ ಹೇಳೋಕ್ಮುಂಚೆ ನಾನೇ ಹೇಳ್ಬಿಟ್ಟೆ. ಹಿಂಗಿಂಗೆ, ಆ ಮಗು ಕೆಲ್ಸ ಹೋಗೋದ್ರಲ್ಲಿತ್ತು, ಬಾಯಿ ಜಾರಿ ಅಂದ್ಬಿಟ್ಟೆ ಅಂತ. ಬೈತಾರೇನೋ ಅಂದ್ಕೊಂಡಿದ್ದೆ.”

“ಬೈದ್ರಾ?”

“ಇಲ್ಲ ಕಣೇ. ನನ್ನ ಎದುರಿಗೇ ಬಂದು ಕೂತ್ರು. ಆಮೇಲೆ ಅಂತಾರೆ, ‘ನಮ್ಮಣ್ಣ ಹೋದ್ಮೇಲೆ ನನ್ನ ಹೆಸರಿಡ್ದು ಕರ್ದೋರೇ ಇಲ್ಲ ಕಣಮ್ಮ. ಎಲ್ರಿಗೂ ತಾತ, ಇಲ್ಲಾ ಯಜಮಾನ. ಎಲ್ಲಿ, ಇನ್ನೊಂದ್ಸಲ ಅನ್ನು, ಕೇಳ್ತೀನಿ’ ಅಂತ.”

“ಅಂದ್ರಾ ಅಕ್ಕಾ?”

ಅಕ್ಕ ತಲೆಯಾಡಿಸಿದರು. “ಕೂತೆ, ಬಾಯಿ ತೆಗ್ದೆ, ಬರ್ಲಿಲ್ಲ. ಪಾಪ, ಅವರೂ ಕಾದ್ರು, ಕಾದ್ರು, ಆಮೇಲೆ ಎದ್ದು ಹಸು ಹಿಡ್ಕೊಂಡು ಹೋದ್ರು. ನಿನ್ನ ಕೆಲ್ಸ ಅಂದಾಗ ಬಂದಿದ್ದು, ಅವರೇ ಕೇಳಿದ್ರೂ ಬರ್ಲಿಲ್ಲ ನೋಡು.”

ಅಕ್ಕ ಈಗ ಕೆಲಸ ಬಿಟ್ಟು ಊರಲ್ಲೇ ಇದ್ದಾರೆ. ಅವರ ಕುರ್ಚಿಯಲ್ಲಿ ನಾನು ಕೂತಿದ್ದೇನೆ, ಹೊಸಬರನ್ನು ಬೈಯುತ್ತೇನೆ, ನನ್ನ ಕೋಪವೂ ಏನೂ ಕಡಿಮೆಯಾಗಿಲ್ಲ. ಇಪ್ಪತ್ತಮೂರು ವರ್ಷ ಮುಚ್ಚಿಟ್ಟ ಹೆಸರು ಆ ಬಾಯಿಂದ ಬಂದದ್ದು ಒಂದೇ ಮಧ್ಯಾಹ್ನ, ಅದೂ ಪರರ ಮನೆಯ ಹುಡುಗಿಯೊಬ್ಬಳು ಕೆಲಸ ಉಳಿಸಿಕೊಳ್ಳಲಿ ಎಂದು. ಆ ಹೆಸರು ನನಗೆ ಗೊತ್ತಿದೆ. ಆದರೂ ಇಷ್ಟುದ್ದ ಬರೆದವಳು ಅದನ್ನು ಇಲ್ಲೆಲ್ಲೂ ಬರೆದಿಲ್ಲ. ಬರೆಯಲು ಕೈ ಬರಲಿಲ್ಲ.